ಹಳೆಯ ಚರ್ಚು ಇದ್ದ ಜಾಗದ ವಿದ್ಯಾರ್ಥಿ ಉತ್ಖನನಕ್ಕೆ ಹೋಗಲೇ, ಇನ್ನೂ ಪ್ರಾಚೀನವಾದ ನೆಲೆಗೆ ಕಾಯಲೇ?

ಬಿದ್ದುಹೋದ ಚರ್ಚಿನ ಜಾಗದಲ್ಲಿ ಅಗೆದರೆ ಮುಖ್ಯವಾದದ್ದೇನಾದರೂ ಸಿಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಎಂ.ಎ. ಓದುತ್ತಿದ್ದಾಗ ನಾನೂ ಇದೇ ಅನುಮಾನವನ್ನು ಹೊತ್ತು, ಮಲೆನಾಡಿನ ಒಂದು ಕಾಫಿ ತೋಟದ ಅಂಚಿನಲ್ಲಿದ್ದ ಇಂಥದ್ದೇ ಜಾಗಕ್ಕೆ ಹೋಗಿದ್ದೆ. ತಾಳಗುಂದದ ಕದಂಬರ ಸ್ತಂಭಶಾಸನ, ಬಳ್ಳಿಗಾವಿಯ ದೇಗುಲಗಳು, ಹುಂಚದ ಬಸದಿಗಳು ಇರುವ ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದ ನನಗೆ, ಹೆಚ್ಚೆಂದರೆ ಇನ್ನೂರು ವರ್ಷದ ಕಟ್ಟಡವೊಂದರ ಪಾಯ ಅಗೆಯುವುದು ಎರಡನೆಯ ದರ್ಜೆಯ ಕೆಲಸವೆಂದು ಅನ್ನಿಸಿತ್ತು.

ಅಲ್ಲಿ ನೆಲದ ಮೇಲೆ ಗೋಡೆಯೆಂಬುದು ಉಳಿದಿರಲಿಲ್ಲ. ಪೂರ್ವ ಪಶ್ಚಿಮವಾಗಿ ಚಾಚಿದ್ದ ಒಂದು ದಿಬ್ಬ, ಪೊದೆಗಳ ನಡುವೆ ಕೆಲವು ಜಂಬಿಟ್ಟಿಗೆ ಕಲ್ಲು, ಅಲ್ಲಲ್ಲಿ ಗಾರೆಯ ಚೂರು, ಇಷ್ಟೇ. ಪಕ್ಕದ ಮನೆಯ ಹಿರಿಯರೊಬ್ಬರು ಮೊದಲ ದಿನವೇ ಬಂದು ನಿಂತು, “ಅಲ್ಲಿ ಗೋಡೆ ಹುಡುಕಬೇಡಿ ಮಾರಾಯ್ರೆ, ಕಲ್ಲೆಲ್ಲ ರಸ್ತೆ ಮೋರಿಗೆ, ನಮ್ಮ ಬಾವಿಕಟ್ಟೆಗೆ ಹೋಗಿ ಆಯ್ತು” ಎಂದರು. ಜಂಬಿಟ್ಟಿಗೆ ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. ಹಾಗಾಗಿ ಬಿದ್ದ ಕಟ್ಟಡದ ಹಳೆಯ ಕಲ್ಲಿಗೆ ನಮ್ಮ ಕಡೆ ಯಾವಾಗಲೂ ಬೇಡಿಕೆ ಇರುತ್ತದೆ. ಅವರ ಮಾತನ್ನು ಎಲ್ಲರೂ ಕೇಳಿದೆವು, ಆದರೆ ಯಾರೂ ದಿನಚರಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಗೋಡೆ ಇದ್ದಿರಬಹುದಾದ ಗೆರೆಗೆ ಅಡ್ಡಲಾಗಿ ನಮ್ಮ ಟ್ರೆಂಚು, ಅಂದರೆ ಅಗೆತದ ಉದ್ದನೆಯ ಕಂದಕ, ಹಾಕಲಾಯಿತು. ಮೇಲಿನ ದರಗಿನ ಮಣ್ಣು ತೆಗೆದಾಗ, ಕೆಂಪು ಮಣ್ಣಿನ ನಡುವೆ ಸುಮಾರು ಎರಡು ಮೊಳ ಅಗಲದ, ಸ್ವಲ್ಪ ಕಪ್ಪಾದ, ಸುಣ್ಣದ ಚೂರು ಬೆರೆತ ಒಂದು ಸಡಿಲ ಪಟ್ಟಿ ಕಂಡಿತು. ಕಲ್ಲಿನ ಗೋಡೆಯನ್ನೇ ನಿರೀಕ್ಷಿಸುತ್ತಿದ್ದ ನಾವು, ಕಲ್ಲು ಕಾಣದ ಕಾರಣ, ಅದನ್ನು ಕೊಳೆತ ಬೇರಿನ ಗುರುತೆಂದು ತೀರ್ಮಾನಿಸಿದೆವು. ಏಪ್ರಿಲ್‌ನ ಮಳೆ ಯಾವಾಗ ಬೇಕಾದರೂ ಹೊಡೆಯಬಹುದೆಂಬ ಅವಸರವೂ ಇತ್ತು. ಹೀಗಾಗಿ ಇಡೀ ಟ್ರೆಂಚನ್ನು ಹತ್ತು ಹತ್ತು ಸೆಂಟಿಮೀಟರಿನಂತೆ ಒಂದೇ ಸಮನಾಗಿ ಇಳಿಸಿದೆವು. ಪಟ್ಟಿಯ ಮಣ್ಣೂ ಅದರ ಪಕ್ಕದ ಮಣ್ಣೂ ಒಂದೇ ಬುಟ್ಟಿಯಲ್ಲಿ ಒಂದೇ ಜರಡಿಗೆ ಹೋದವು. ಅದರಿಂದ ಸಿಕ್ಕಿದ್ದೆಲ್ಲ ಒಂದೇ ಸಂಖ್ಯೆಯ ಚೀಲಕ್ಕೆ ಬಿತ್ತು.

ಇಲ್ಲಿ ಆದ ತಪ್ಪು ಏನೆಂಬುದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಹೋಗುವ ಜಾಗದಲ್ಲಿ ಇದೇ ಪಟ್ಟಿ ನಿಮಗೂ ಎದುರಾಗುವ ಸಂಭವ ಹೆಚ್ಚು. ಅಂಗಳದಲ್ಲಿ ಚಪ್ಪರದ ಕಂಬ ಕಿತ್ತ ಮೇಲೆ ಆ ಗುಂಡಿಗೆ ಸುತ್ತಲಿನ ಕಸಮಣ್ಣು ತುಂಬಿ, ಕಂಬವಿಲ್ಲದಿದ್ದರೂ ಅದು ನಿಂತಿದ್ದ ಜಾಗ ಬೇರೆ ಬಣ್ಣದಲ್ಲಿ ಉಳಿಯುತ್ತದಲ್ಲವೇ, ಗೋಡೆಯ ಕಲ್ಲು ಕಿತ್ತ ಕಡೆಯೂ ಹಾಗೆಯೇ. ಆ ಸಡಿಲ ಪಟ್ಟಿಯೇ ನಮ್ಮ ಗೋಡೆಯಾಗಿತ್ತು. ಇನ್ನೂ ಮುಖ್ಯವಾದದ್ದೆಂದರೆ, ಅಷ್ಟೇ ಜಾಗದಲ್ಲಿ ಬೇರೆ ಬೇರೆ ಕಾಲದ ಎರಡು ಅಗೆತಗಳಿದ್ದವು. ಮೊದಲನೆಯದು ಕಟ್ಟುವಾಗ ತೋಡಿದ ಪಾಯ ಮತ್ತು ಕಲ್ಲಿಟ್ಟ ಮೇಲೆ ಅದರ ಬದಿಗೆ ತುಂಬಿದ ಮಣ್ಣು; ಎರಡನೆಯದು ಎಷ್ಟೋ ವರ್ಷಗಳ ಮೇಲೆ ಕಲ್ಲು ಒಯ್ಯಲು ಬಂದವರು ತೋಡಿದ ಗುಂಡಿ. ಕೊನೆಗೆ ಆದದ್ದನ್ನು ಮೊದಲು ತೆಗೆಯಬೇಕೆಂಬುದು ಉತ್ಖನನದ ಕ್ರಮ. ಕಲ್ಲು ಕಿತ್ತ ಗುಂಡಿಯ ಮಣ್ಣಿಗೆ ಬೇರೆ ಸಂಖ್ಯೆ ಕೊಟ್ಟು ಅದನ್ನು ಪೂರ್ತಿ ಖಾಲಿ ಮಾಡಿದ ನಂತರವೇ ಪಾಯದ ಮಣ್ಣಿಗೂ, ಅದಕ್ಕೂ ಹಿಂದಿನ ನೆಲಕ್ಕೂ ಕೈ ಹಾಕಬೇಕಿತ್ತು.

ನಮ್ಮ ಚೀಲದಲ್ಲಿ ಎರಡು ವಸ್ತುಗಳು ಒಟ್ಟಿಗೆ ಬಂದವು: ಆನೆಯ ಚಿತ್ರವಿರುವ ತಾಮ್ರದ ಕಾಸು ಮತ್ತು ಮಂಗಳೂರು ಹೆಂಚಿನ ತುಂಡು. ಆನೆಯ ಕಾಸನ್ನು ಟಿಪ್ಪುವಿನ ಕಾಲದಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಟಂಕಿಸಿದ್ದಾರೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಕಾಸು ಪಾಯದ ಮಣ್ಣಿನಲ್ಲಿದ್ದಿದ್ದರೆ, ಅದನ್ನು ಟಂಕಿಸಿದ ಮೇಲೆಯೇ ಚರ್ಚು ಎದ್ದಿತೆಂದು ಖಚಿತವಾಗಿ ಹೇಳಬಹುದಿತ್ತು. ಹೆಂಚು ಪಾಯದಲ್ಲಿದ್ದಿದ್ದರೆ ಕಟ್ಟಡವೇ 1865ರ ಈಚಿನದು. ಕಲ್ಲು ಕಿತ್ತ ಗುಂಡಿಯಲ್ಲಿದ್ದಿದ್ದರೆ ಗುಂಡಿ ಮಾತ್ರ ಈಚಿನದು. ಯಾವುದು ಎಲ್ಲಿತ್ತೆಂದು ಹೇಳಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಟ್ರೆಂಚಿನ ಬದಿಯನ್ನು ಕರಣೆಯಿಂದ ಕೆರೆದು ನೀರು ಚಿಮುಕಿಸಿದಾಗ ಎರಡೂ ಅಗೆತಗಳ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಂಡಿತು, ಆದರೆ ಆ ವೇಳೆಗೆ ಮಣ್ಣೆಲ್ಲ ಜರಡಿಯಾಚೆ ರಾಶಿಯಾಗಿತ್ತು. ಕಟ್ಟಡದ ಕಾಲನಿರ್ಣಯವನ್ನೇ ಆಧರಿಸಿದ್ದ ನನ್ನ ಪ್ರಬಂಧದ ಮುಖ್ಯ ಅಧ್ಯಾಯವನ್ನು ನಾನು ಕೈಬಿಡಬೇಕಾಯಿತು. ಅಗೆದ ಜಾಗವನ್ನು ಮತ್ತೆ ಅಗೆಯಲು ಬರುವುದಿಲ್ಲವಾದ್ದರಿಂದ ಮುಂದೆ ಬರುವವರಿಗೂ ಆ ಭಾಗ ಇಲ್ಲವಾಯಿತು.

ಆದ್ದರಿಂದ “ಏನು ಸಿಗುತ್ತದೆ” ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಳೆಯ ಗೋವೆಯ ಸಂತ ಅಗಸ್ಟೀನರ ಚರ್ಚನ್ನು ನೋಡಿ. 1842ರಲ್ಲಿ ಅದರ ಕಮಾನು ಛಾವಣಿ ಕುಸಿಯಿತು, 1931ರಲ್ಲಿ ಗೋಪುರದ ಒಂದು ಭಾಗ ಬಿತ್ತು. 1624ರಲ್ಲಿ ಪರ್ಷಿಯಾದಲ್ಲಿ ಕೊಲ್ಲಲ್ಪಟ್ಟ ಜಾರ್ಜಿಯಾದ ರಾಣಿ ಕೆಟೆವಾನಳ ಅವಶೇಷಗಳನ್ನು ಅಲ್ಲಿ ಒಂದು ಕಿಟಕಿಯ ಬಳಿ ಇರಿಸಲಾಗಿತ್ತೆಂದು ಪೋರ್ಚುಗೀಸ್ ದಾಖಲೆಗಳು ಹೇಳುತ್ತಿದ್ದವು. ಉತ್ಖನನ ಮಾಡಿದವರು ಮೊದಲು ಕಟ್ಟಡದ ವಿನ್ಯಾಸವನ್ನೂ ಆ ಕಿಟಕಿ ಇದ್ದ ಸ್ಥಳವನ್ನೂ ಗುರುತಿಸಿದರು. ಹಾಗೆ ಸಿಕ್ಕಿದ ಎಲುಬನ್ನು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಪರೀಕ್ಷಿಸಿ, ಅದು ರಾಣಿಯದೇ ಇರಬಹುದೆಂಬ ಅಭಿಪ್ರಾಯಕ್ಕೆ ಬಲ ಕೊಟ್ಟಿತು. 2021ರಲ್ಲಿ ಅವಶೇಷದ ಒಂದು ಭಾಗ ಜಾರ್ಜಿಯಾಕ್ಕೆ ಮರಳಿತು. ಸಿಕ್ಕಿದ ಸ್ಥಳ ಗೊತ್ತಿಲ್ಲದಿದ್ದರೆ ಅದನ್ನು ಯಾರೂ ಪ್ರಯೋಗಾಲಯದವರೆಗೆ ಒಯ್ಯುತ್ತಿರಲಿಲ್ಲ.

ಕಲಿಯುವವರಿಗೆ ಈಚಿನ ಕಾಲದ ಸಣ್ಣ ಕಟ್ಟಡವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚರ್ಚಿಗೆ ದೀಕ್ಷಾಸ್ನಾನದ ಮತ್ತು ಸಮಾಧಿಯ ದಾಖಲೆ ಪುಸ್ತಕಗಳಿರುತ್ತವೆ, ಕಂದಾಯ ನಕ್ಷೆ ಇರುತ್ತದೆ, ನೆನಪಿಟ್ಟುಕೊಂಡ ಹಿರಿಯರಿರುತ್ತಾರೆ. ಮಣ್ಣನ್ನು ನೀವು ಸರಿಯಾಗಿ ಓದಿದಿರೋ ಇಲ್ಲವೋ ಎಂದು ತಾಳೆ ನೋಡುವ ಅವಕಾಶ ಕದಂಬರ ಕಾಲದ ನೆಲೆಯಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಸಮಾಧಿ ಅಗೆಯುವುದು ಬೇಡವೆಂದು ಮನೆಯವರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. ಅವರ ಆತಂಕ ನ್ಯಾಯವಾದದ್ದು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಎಲುಬು ಬೇಗ ಕರಗುತ್ತದೆ, ಆದರೆ ಪೆಟ್ಟಿಗೆಯ ಮೊಳೆಗಳು, ಉದ್ದನೆಯ ಕಪ್ಪು ಗುರುತು ಉಳಿದಿರಬಹುದು. ಅಂಥದ್ದು ಕಂಡರೆ ಕೆಲಸ ನಿಲ್ಲಿಸಿ, ಮುಚ್ಚಿ, ಧರ್ಮಗುರುಗಳಿಗೂ ಅಧಿಕಾರಿಗಳಿಗೂ ತಿಳಿಸಬೇಕು. ವಿದ್ಯಾರ್ಥಿಗಳು ಅದನ್ನು ಮುಟ್ಟಬಾರದು.

ಹೆಸರು ಕೊಡುವ ಮೊದಲು ನಿರ್ದೇಶಕರನ್ನು ನೇರವಾಗಿ ಕೇಳಿ: ಪುರಾತತ್ತ್ವ ಇಲಾಖೆಯ ಅನುಮತಿ ಇದೆಯೇ, ವಿದ್ಯಾರ್ಥಿಗಳಿಗೆ ದಿನಚರಿ ಬರೆಯಲು ಮತ್ತು ಟ್ರೆಂಚಿನ ಬದಿಯ ನಕ್ಷೆ ಬಿಡಿಸಲು ಬಿಡುತ್ತೀರಾ, ಬಣ್ಣ ಬದಲಾದ ಕಡೆ ಕೆಲಸ ನಿಲ್ಲಿಸಿ ಪ್ರಶ್ನೆ ಕೇಳಬಹುದೇ ಎಂದು. ಬುಟ್ಟಿ ಹೊರಲು ಮಾತ್ರ ನಿಮ್ಮನ್ನು ಕರೆಯುತ್ತಿದ್ದರೆ, ಜಾಗ ತಾಳಗುಂದವೇ ಆಗಿದ್ದರೂ ಹೋಗಬೇಡಿ.