ಸುಣ್ಣ ಬಿದ್ದ ಕಣ್ಣಿಗೆ ಮಾಸಿನ ಪೊರೆ

ಪ್ರಶ್ನೆ: ಗೋಡೆಗೆ ಸುಣ್ಣ ಬಳಿಯುವಾಗ ತಮ್ಮನ ಕಣ್ಣಿಗೆ ಸಿಡಿದು ಎರಡು ವಾರವಾಯಿತು. ಗಾಯ ಮಾಯುತ್ತಿಲ್ಲ. ಹೆರಿಗೆಯ ಮಾಸಿನಿಂದ ತೆಗೆದ ಪೊರೆ ಹೊಲಿಯುತ್ತೇವೆ ಅಂತಾರೆ ಡಾಕ್ಟರು. ಬೇರೆಯವರ ರೋಗ ಅಂಟುವುದಿಲ್ಲವೇ? ಮೈಗೆ ಒಗ್ಗದಿದ್ದರೆ? ದೃಷ್ಟಿ ಬರುತ್ತದೆಯೇ?
– ಓದುಗರು, ರಾಣೆಬೆನ್ನೂರು

ಉತ್ತರ: ಇದು ಹೊಸ ಪ್ರಯೋಗವಲ್ಲ. ಸುಟ್ಟ ಕಣ್ಣಿಗೆ ಈ ಪೊರೆ ಹಾಕಿದ್ದು 1940ರ ದಶಕದಲ್ಲೇ. ನಡುವೆ ಮರೆತುಹೋಗಿ 1995ರ ಹೊತ್ತಿಗೆ ಮತ್ತೆ ಚಾಲ್ತಿಗೆ ಬಂತು. ಬಳಸುವುದು ಇಡೀ ಮಾಸನ್ನಲ್ಲ, ರಕ್ತನಾಳವೇ ಇಲ್ಲದ ಅದರ ಒಳಪದರ ಆಮ್ನಿಯಾನನ್ನು. ಸಹಜ ಹೆರಿಗೆಯಲ್ಲಿ ಬ್ಯಾಕ್ಟೀರಿಯಾ ತಗಲುವುದರಿಂದ, ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್‌ನಲ್ಲಿ ತಾಯಿಯ ಒಪ್ಪಿಗೆ ಪಡೆದು ತೆಗೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆಗುತ್ತದೆ. ಹೊಸ ಸೋಂಕು ಮೊದಲ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಹಾಗಾಗಿ ಪೊರೆಯನ್ನು ಮೈನಸ್ 80 ಡಿಗ್ರಿಯಲ್ಲಿಟ್ಟು, ಆರು ತಿಂಗಳ ಬಳಿಕ ತಾಯಿಯ ರಕ್ತವನ್ನು ಮತ್ತೆ ನೋಡುವುದು ಒಳ್ಳೆಯ ಪದ್ಧತಿ. ನಿಮ್ಮ ಆಸ್ಪತ್ರೆಯ ಪೊರೆಗೆ ಇದು ಆಗಿದೆಯೇ, ಕೇಳಿ.

ಒಗ್ಗದಿರುವ ಭಯ ಬೇಡ. ರಕ್ತದ ಗುಂಪು ಹೊಂದಿಸಬೇಕಿಲ್ಲ. ಪೊರೆ ಅಲ್ಲೇ ಉಳಿಯಲೆಂದು ಹಾಕುವುದೂ ಅಲ್ಲ; ಎರಡು ಮೂರು ವಾರದಲ್ಲಿ ಕರಗಿದರೆ ಅದು ಸರಿಯೇ. ಮೂರ್ನಾಲ್ಕು ದಿನಕ್ಕೇ ಜಾರಿದರೆ ಮಾತ್ರ ಹೊಲಿಗೆ ಸಡಿಲವೋ, ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲವೋ ನೋಡಬೇಕು.

ಪೊರೆಗಿಂತ ಮುಖ್ಯವಾದುದು ಅದಕ್ಕೆ ಮುಂಚಿನ ಕೆಲಸ. ಮೇಲ್ರೆಪ್ಪೆಯನ್ನು ಎರಡು ಮಡಿಕೆಯಾಗಿ ಮಗುಚಿ, ಸಂದಿಯಲ್ಲಿ ಕೂತ ಸುಣ್ಣದ ಹರಳನ್ನೆಲ್ಲ ತೆಗೆಯಬೇಕು. ಒಂದು ಉಳಿದರೂ ಪೊರೆಯ ಕೆಳಗೆ ಸುಡುತ್ತಲೇ ಇರುತ್ತದೆ. ಸತ್ತ ಪದರ ಕೆರೆದು, ಕೂದಲಿಗಿಂತ ಸಣ್ಣ 10-0 ನೈಲಾನ್ ದಾರದಿಂದಲೋ ಫೈಬ್ರಿನ್ ಎಂಬ ರಕ್ತದ ಪ್ರೋಟೀನಿನ ಅಂಟಿನಿಂದಲೋ ಪೊರೆ ಕೂರಿಸಿ, ಮೇಲೆ ಬ್ಯಾಂಡೇಜ್ ಲೆನ್ಸ್ (ಗಾಯ ಕಾಯುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್) ಇಡುತ್ತಾರೆ. ಅದು ಇರುವಷ್ಟು ದಿನ ಬಟರ್ ಪೇಪರ್ ಮೂಲಕ ನೋಡಿದಂತೆ ಮಬ್ಬು. ಕಣ್ಣು ಉಜ್ಜಬಾರದು, ತಲೆಸ್ನಾನದ ನೀರು ಬೀಳಬಾರದು, ಆ್ಯಂಟಿಬಯೋಟಿಕ್ ಹನಿ ತಪ್ಪಬಾರದು.

ದೃಷ್ಟಿಯ ಮಾತು ಪೊರೆಯ ಕೈಯಲ್ಲಿಲ್ಲ. ಕರಿಗುಡ್ಡೆಯ ಮೇಲ್ಪದರವನ್ನು ಹೊಸದಾಗಿ ಬೆಳೆಸುವ ಕಾಂಡಕೋಶಗಳಿರುವುದು ಕಪ್ಪು ಬಿಳುಪು ಸೇರುವ ಅಂಚಿನಲ್ಲಿ, ಅಂದರೆ ಲಿಂಬಸ್‌ನಲ್ಲಿ. ಆ ಅಂಚನ್ನು ಗಡಿಯಾರದ ಮುಖದಂತೆ ಹನ್ನೆರಡು ಪಾಲು ಮಾಡಿದರೆ ಎಷ್ಟು ಪಾಲು ಸುಟ್ಟಿದೆ ಎಂದು ಡಾಕ್ಟರನ್ನು ಕೇಳಿ. ಪೂರ್ತಿ ಸತ್ತಿದ್ದರೆ ಪೊರೆಯೊಂದೇ ಸಾಲದು. ಉರಿಯೂತ ಇಳಿದ ಮೇಲೆ, ಚೆನ್ನಾಗಿರುವ ಕಣ್ಣಿನ ಅಂಚಿನಿಂದ 2 ಮಿ.ಮೀ. ಚೂರು ತೆಗೆದು, ಎಂಟು ಹತ್ತು ತುಣುಕು ಮಾಡಿ, ಸುಟ್ಟ ಕಣ್ಣಿಗೆ ಹಾಕಿದ ಇಂಥದೇ ಪೊರೆಯ ಮೇಲೆ ಅಂಟಿಸಬೇಕಾಗುತ್ತದೆ. 'ಸ್ಲೆಟ್' ಎಂಬ ಈ ವಿಧಾನ 2012ರಲ್ಲಿ ಪ್ರಕಟವಾದದ್ದು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಾಸ್ಪತ್ರೆಯಿಂದ.

ಪ್ರಶ್ನೆ: ಅಪ್ಪನ ಕಣ್ಣಿನ ದುರ್ಮಾಂಸಕ್ಕೂ (ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಮೇಲೆ ಬೆಳೆಯುವ ಮಾಂಸ) ಇದೇ ಪೊರೆ ಆಗುತ್ತದೆಯೇ?
– ಓದುಗರು, ಕುಮಟಾ

ಉತ್ತರ: ಆಗುತ್ತದೆ, ಆದರೆ ಮೊದಲ ಆಯ್ಕೆಯಲ್ಲ. ಮಾಂಸ ತೆಗೆದ ಜಾಗಕ್ಕೆ ಅವರದೇ ಬಿಳಿಗುಡ್ಡೆಯ ಮೇಲ್ಪೊರೆಯ ತುಂಡು ಹಾಕಿದರೆ ಮಾಂಸ ಮತ್ತೆ ಬೆಳೆಯುವುದು ಕಡಿಮೆ. ಮುಂದೆ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಆಪರೇಷನ್‌ಗೆ ಆ ತುಂಡು ತೆಗೆಯುವ ಜಾಗ ಬೇಕಾಗಬಹುದೆನಿಸಿದರೆ ಅಥವಾ ಮಾಂಸ ಎರಡೂ ಕಡೆಯಿಂದ ಬಂದಿದ್ದರೆ ಆಮ್ನಿಯಾನ್ ನೆನಪಿಸಿಕೊಳ್ಳಬಹುದು.