ಕಂಪ್ಯೂಟರ್ ಇರುವಾಗ ಗೊಂಬೆ ಸರಿಸುವ ಹುಚ್ಚು ಯಾಕೆ?

ಗಿಯೆರ್ಮೊ ಡೆಲ್ ಟೋರೊ ಅವರ 2022ರ ಗೊಂಬೆ ಸಿನಿಮಾ ‘ಪಿನೋಕಿಯೋ’ ನೋಡಿ ನೀವು ಕೇಳಿದ್ದು ಇಷ್ಟು: ಎಲ್ಲ ಕಂಪ್ಯೂಟರಿನಲ್ಲೇ ಆಗುವಾಗ ಗೊಂಬೆಗಳನ್ನು ಕೈಯಲ್ಲಿ ಒಂಚೂರೊಂಚೂರೇ ಸರಿಸಿ ಫೋಟೋ ತೆಗೆಯೋದು ಯಾವ ಕರ್ಮಕ್ಕೆ?

ನನಗೂ ಹಾಗೇ ಅನಿಸುತ್ತಿತ್ತು. ಹೋದ ಮೇ ತಿಂಗಳಲ್ಲಿ ಕಲಬುರಗಿಯ ನಮ್ಮ ಮನೆಯಲ್ಲಿ ತಂಗಿಯ ಮಗಳ ಜೊತೆ ಅದೇ ಕೆಲಸಕ್ಕೆ ಕೂತೆ. ಕಥೆ ಅವಳೇ ಆರಿಸಿದ್ದು, ಕಾಗಕ್ಕ ಗುಬ್ಬಕ್ಕ. ನೆಲಕ್ಕೆ ಒಂದು ಶಹಾಬಾದ್ ಫರ್ಸಿ ತುಂಡು, ಗುಬ್ಬಕ್ಕನ ಕಲ್ಲಿನ ಮನೆಗೂ ಅದರದೇ ಚೂರುಗಳು. ಕಾಗಕ್ಕನ ಮನೆಗೆ ಸಗಣಿ ಬದಲು ಮಣ್ಣು, ಅವ್ವ ಬೈದಿದ್ದಕ್ಕೆ. ಗೊಂಬೆಗಳಿಗೆ ಒಳಗೆ ತಂತಿ, ಹೊರಗೆ ಅಂಗಡಿಯ ಬಣ್ಣದ ಕ್ಲೇ.

ಸೆಕೆಂಡಿಗೆ 12 ಫೋಟೋ ಲೆಕ್ಕ ಹಾಕಿದೆವು. ಇಪ್ಪತ್ತು ಸೆಕೆಂಡಿಗೆ 240. ಬೆಳಿಗ್ಗೆ ಶುರು ಮಾಡಿದರೆ ಕಿಟಕಿಯ ಬಿಸಿಲು ಸರಿಯುತ್ತಾ ಹೋಗಿ, ಓಡಿಸಿ ನೋಡಿದಾಗ ಮನೆಯೊಳಗೆ ಮಿಂಚು ಹೊಡೆದ ಹಾಗೆ ಮಿಣಮಿಣ. ಫ್ಯಾನ್ ಹಾಕಿದರೆ ಹುಲ್ಲು ಅಲ್ಲಾಡುತ್ತದೆ. ಆಫ್ ಮಾಡಿದರೆ 42 ಡಿಗ್ರಿಯಲ್ಲಿ ಕ್ಲೇ ಬೆಣ್ಣೆಯಾಗಿ ಕಾಗಕ್ಕನ ಕೊಕ್ಕು ಜೋತು ಬೀಳುತ್ತದೆ! ಸಂಜೆಯ ಹೊತ್ತಿಗೆ ಆಗಿದ್ದು 90 ಫೋಟೋ.

ಆದರೆ ಅದನ್ನು ಓಡಿಸಿದಾಗ ಹುಡುಗಿ, “ಮಾಮ, ಕಾಗಕ್ಕ ಉಸಿರಾಡ್ತಿದ್ದಾಳೆ!” ಅಂದಳು. ನಾವು ಮಾಡಿದ್ದಲ್ಲ ಅದು. ಪ್ರತಿ ಸಲ ಮುಟ್ಟಿದಾಗ ಬೆರಳಿನ ಗುರುತು ಬೇರೆ ಬೇರೆ ಕಡೆ ಬಿದ್ದು ಮೈ ಸಣ್ಣಗೆ ಮಿಡಿಯುತ್ತಿತ್ತು. 1933ರ ‘ಕಿಂಗ್ ಕಾಂಗ್’ನಲ್ಲಿ ಗೊರಿಲ್ಲಾದ ರೋಮ ಅಲ್ಲಾಡುವುದೂ ಹೀಗೇ, ಬೊಂಬೆ ಸರಿಸುವವರ ಬೆರಳಿಂದ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ. ಕಂಪ್ಯೂಟರಿನಲ್ಲಿ ಎಡವಟ್ಟು ಬೇಕಾದರೆ ಅದನ್ನೂ ಕೂತು ಯೋಚಿಸಿ ಹಾಕಬೇಕು. ಇಲ್ಲಿ ಅದು ಕೈಯಿಂದ ತಾನೇ ಬರುತ್ತದೆ. ಪಿನೋಕಿಯೋ ಕಥೆಗಂತೂ ಅದು ಬೇಕೇ ಬೇಕು, ಅಲ್ವಾ? 1881ರಲ್ಲಿ ಇಟಲಿಯ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಶುರುವಾದ ಕಥೆ ಇದು, ಕಟ್ಟಿಗೆಗೆ ಜೀವ ಬರುವ ಕಥೆ. ಸಿನಿಮಾದಲ್ಲಿ ಮರ ಕೆತ್ತುವ ಮುದುಕ ಜೆಪೆಟ್ಟೊ, ಮಗನನ್ನು ಕಳೆದುಕೊಂಡ ದುಃಖದಲ್ಲಿ, ಕುಡಿದ ಅಮಲಿನಲ್ಲಿ ಪಿನೋಕಿಯೋನನ್ನು ಕೆತ್ತುತ್ತಾನೆ. ಅದಕ್ಕೇ ಈ ಗೊಂಬೆ ಹುಡುಗನಿಗೆ ಒಂದೇ ಕಿವಿ, ಬೆನ್ನಲ್ಲಿ ಮೊಳೆಗಳು. ಕೊನೆವರೆಗೂ ಅವನ ಮೈ ಮರದ್ದೇ. ನನಗೆ ಬಹಳ ಹಿಡಿಸಿದ್ದು ಮುಖಗಳ ವಿಷಯ. ಉಳಿದ ಮುಖ್ಯ ಪಾತ್ರಗಳ ಸಿಲಿಕೋನ್ ಚರ್ಮದ ಕೆಳಗೆ ಪುಟ್ಟ ಯಂತ್ರಗಳಿವೆ, ಮುಖ ಎಳೆದಂತೆ ಬಾಗುತ್ತದೆ. ಪಿನೋಕಿಯೋನದು ಗಟ್ಟಿ ಮುಖ. ಒಂದೊಂದು ಭಾವಕ್ಕೂ ಒಂದೊಂದು ಮುಖವನ್ನು ತ್ರೀಡಿ ಪ್ರಿಂಟ್ ಮಾಡಿ ಬದಲಿಸಿದ್ದಾರೆ. ಮರ ಹಿಗ್ಗುವುದಿಲ್ಲವಲ್ಲ!

2023ರಲ್ಲಿ ಈ ಸಿನಿಮಾಗೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಬಾರದಿದ್ದರೂ ನನ್ನ ಮಾತು ಇದೇ.

ನಂಬಿಕೆ ಬರದಿದ್ದರೆ ನೀವೇ ಒಂದು ಸಲ ಮಾಡಿ ನೋಡಿ. ಮೊಬೈಲನ್ನು ಗಟ್ಟಿಯಾಗಿ ಕಟ್ಟಿ, ಕಿಟಕಿ ಮುಚ್ಚಿ, ಒಂದೇ ಬಲ್ಬಿನ ಬೆಳಕಿನಲ್ಲಿ ಶುರು ಮಾಡಿ. ಬೇಸಿಗೆ ಮಾತ್ರ ಬೇಡ. ನಾವೂ ಉಳಿದದ್ದನ್ನು ಡಿಸೆಂಬರ್ ರಜೆಗೆ ಇಟ್ಟಿದ್ದೇವೆ. ಅಲ್ಲಿಯವರೆಗೆ ಕಪಾಟಿನ ಮೇಲೆ ಕಾಗಕ್ಕ “ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ” ಅಂತ ಹೊರಗೇ ನಿಂತಿದ್ದಾಳೆ.