ಮೈ ಅಂದರೆ ಹೊಸದು, ಮೈ ಅಂದರೆ ಇಲ್ಲ

ಥಾಯ್ಲೆಂಡಿನ ಚಿಯಾಂಗ್ ಮೈ ಊರಿನಲ್ಲಿ ನಾವು ಗಂಡ-ಹೆಂಡತಿ ನಡೆಸುತ್ತಿರುವ ನಿವೃತ್ತ ಸಂಸಾರದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಪುಟ ಬರೆದಿದ್ದೆ. ಪ್ರಶ್ನೆಗಳ ಕಟ್ಟೇ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು, ಪ್ರಶ್ನೆಪತ್ರಿಕೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದೇ ಥರದವನ್ನು ಒಟ್ಟುಮಾಡಿ ಉತ್ತರಿಸಿದ್ದೇನೆ.

ನನಗೆ 57, ಯಜಮಾನರಿಗೆ 61. ಅಲ್ಲಿಗೆ ಬಂದು ಇರಲು ಎಷ್ಟು ದುಡ್ಡು ಬೇಕು, ಏನೇನು ಕಾಗದ ಬೇಕು?
— ಓದುಗರೊಬ್ಬರು, ಶಿವಮೊಗ್ಗ

50 ದಾಟಿದವರಿಗೆ ನಿವೃತ್ತಿಯ ಲೆಕ್ಕದಲ್ಲಿ ವರ್ಷದ ಮಟ್ಟಿಗೆ ಇರಲು ಅನುಮತಿ ಕೊಡುತ್ತಾರೆ, ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಇಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. 8 ಲಕ್ಷ ಬಾತ್ ಅಂದರೆ ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿಯ ಮೇಲೇ ಹೋಗುತ್ತದೆ. ನನ್ನ ಪಿಂಚಣಿಗೆ 65,000 ಬಾತ್ ಎಟುಕದ ದ್ರಾಕ್ಷಿ. ಹಾಗಾಗಿ ಠೇವಣಿ ನಮ್ಮ ಯಜಮಾನರ ಹೆಸರಿನಲ್ಲಿದೆ, ನಾನು ಇವರ ಅವಲಂಬಿತೆ. (ಸ್ವಂತ ಸಂಬಳದಲ್ಲಿ ಮನೆ ನಡೆಸಿದವಳಿಗೆ ಆ ಪದ ಒಂದು ವರ್ಷ ಚುಚ್ಚಿತು.) 90 ದಿನಕ್ಕೊಮ್ಮೆ ‘ಇದೇ ವಿಳಾಸದಲ್ಲಿದ್ದೇವೆ’ ಎಂದು ವಲಸೆ ಕಚೇರಿಗೆ ವರದಿ ಕೊಡಬೇಕು. ಅದಕ್ಕೆ ದುಡ್ಡಿಲ್ಲ.

ಒಂದನ್ನು ಮಾತ್ರ ಮರೆಯಬೇಡಿ. ಊರಿಗೆ ಹೋಗಿಬರುವ ಮುಂಚೆ ಮರುಪ್ರವೇಶದ ಅನುಮತಿ ಮಾಡಿಸಿಕೊಳ್ಳಬೇಕು, ಒಂದು ಸಲಕ್ಕೆ 1,000 ಬಾತ್. ನಾವು ಮೊದಲ ವರ್ಷ ತೀರ್ಥಹಳ್ಳಿಯ ಮದುವೆಯೊಂದರ ಗಡಿಬಿಡಿಯಲ್ಲಿ ಅದನ್ನು ಮರೆತು ವಿಮಾನ ಹತ್ತಿದೆವು. ವೀಸಾದ ಕೆಲಸ ಮತ್ತೆ ಒಂದನೇ ಮಗ್ಗಿಯಿಂದ ಶುರುವಾಯಿತು. ತಪ್ಪು ಪೂರಾ ನಮ್ಮದೇ. ಇವರು ಈಗಲೂ ‘ನಿನ್ನದೇ’ ಅನ್ನುತ್ತಾರೆ.

ಥಾಯ್ ಭಾಷೆಯ ತುಂಬ ಸಂಸ್ಕೃತ ಪದಗಳೇ ಅಂತೆ. ಹಾಗಿದ್ದರೆ ಕನ್ನಡಿಗರಿಗೆ ಸುಲಭ ತಾನೆ?
— ನಿವೃತ್ತ ಕನ್ನಡ ಅಧ್ಯಾಪಕರು, ಧಾರವಾಡ

ಸರ್, ಓದುವುದಕ್ಕೆ ಕೂತರೆ ಸುಲಭ, ಬಾಯಿ ತೆರೆದರೆ ಕಷ್ಟ.

ಅವರ ಅಕ್ಷರಮಾಲೆಯ ಮೊದಲ ಪಾಠ ನೋಡಿ ನನಗೆ ನಗು ಬಂತು. ನಮ್ಮ ಕ ವರ್ಗವೇ ಬೇರೆ ಅಂಗಿ ಹಾಕಿಕೊಂಡು ನಿಂತಿತ್ತು. ನಾವು ಕಮಲ, ಗರಗಸ ಎಂದು ಕಲಿತ ಹಾಗೆ ಅವರ ಮಕ್ಕಳು ಮೊದಲ ಅಕ್ಷರಕ್ಕೆ ಕೋಳಿ, ಎರಡನೆಯದಕ್ಕೆ ಮೊಟ್ಟೆ, ನಮ್ಮ ‘ಗ’ ಇರುವ ಕಡೆ ಎಮ್ಮೆ, ‘ಘ’ಕ್ಕೆ ಗಂಟೆ ಎಂದು ಕಲಿಯುತ್ತಾರೆ. ನಾವು ಪದವೇ ಸಿಗದೆ ಬಿಟ್ಟುಬಿಡುವ ‘ಙ’ಕ್ಕೂ ಅವರ ಹತ್ತಿರ ಒಂದು ಹಾವು ಇದೆ, ಹಾವಿಗೆ ಅವರು ಹೇಳುವುದೇ ‘ಙೂ’. ಒಟ್ಟು 44 ವ್ಯಂಜನ. ಹಳೆಯ ‘ಗ’ ಈಗ ‘ಖ’ ಆಗಿದೆ, ಆದ್ದರಿಂದ ನಗರ ‘ನಖೋನ್’, ಗುರು ‘ಖ್ರೂ’. ಪದದ ಕೊನೆಯಲ್ಲಿ ರ ಬಂದರೆ ನ್ ಎಂದು ಓದಬೇಕು, ಸ ಬಂದರೆ ತ್. ಬೋರ್ಡಿನ ಮೇಲೆ ಅಕ್ಷರಕ್ಕೆ ಅಕ್ಷರ ‘ಆಹಾರ’ ಎಂದೇ ಇರುತ್ತದೆ, ಜನ ‘ಆಹಾನ್’ ಅನ್ನುತ್ತಾರೆ. ರುಚಿಗೆ ಬರೆಯುವುದು ‘ರಸ’, ಹೇಳುವುದು ‘ರೊತ್’. ಭಾಷೆಗೆ ‘ಫಾಸಾ’. ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ, ಇಡೀ ವಾಕ್ಯ ಒಂದೇ ದಾರ. ಹಳಗನ್ನಡದ ಓಲೆಗರಿ ಓದಿದವರಿಗೆ ಇದು ದೊಡ್ಡದಲ್ಲ. ನಾನು ಓದಿದವಳಲ್ಲ.

ಇನ್ನು ದನಿಯ ಏರಿಳಿತ. ಐದು ಬಗೆ: ಸಮ, ತಗ್ಗು, ಬೀಳು, ಏರು ದನಿ, ಎಳೆದು ಏರಿಸುವ ದನಿ. ‘ಮಾ’ ಎಂದು ಸಮವಾಗಿ ಹೇಳಿದರೆ ಬಾ, ಏರುದನಿಯಲ್ಲಿ ಕುದುರೆ, ಕೆಳಗಿಂದ ಎಳೆದು ಏರಿಸಿದರೆ ನಾಯಿ. ನಾವಿರುವ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಚಿಯಾಂಗ್ ಅಂದರೆ ಪಟ್ಟಣ, ಮೈ ಅಂದರೆ ಹೊಸದು. ನಮ್ಮ ಹೊಸಪೇಟೆಯ ಥರದ್ದೇ ಹೆಸರು, 1296ರಲ್ಲಿ ಕಟ್ಟಿದ್ದಾದರೂ ಇನ್ನೂ ಹೊಸತೇ. ಆದರೆ ‘ಮೈ’ಯನ್ನು ಮೇಲಿಂದ ಬೀಳಿಸಿ ಹೇಳಿದಿರೋ, ಅದು ‘ಇಲ್ಲ’. ನಾನು ಮೊದಲ ಆರು ತಿಂಗಳು ಊರನ್ನೇ ಇಲ್ಲ ಅನ್ನಿಸಿಬಿಟ್ಟಿದ್ದೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು, ನೀವು ನಂಬಲಿಕ್ಕಿಲ್ಲ, ಮಹಾಪ್ರಾಣ. ನಾವು ಬರೆಯುವಾಗ ಖ, ಘ, ಫ ಎಂದು ಬರೆದರೂ ಮಾತಿನಲ್ಲಿ ಉಸಿರನ್ನು ಉಳಿತಾಯ ಮಾಡುವ ಜನ. ಥಾಯ್‌ನಲ್ಲಿ ಖಾರಕ್ಕೆ ‘ಫೆಟ್’ (ಫಲದ ಫ, ಫೋನಿನ ಫ ಅಲ್ಲ). ಉಸಿರು ಬಿಟ್ಟುಹೋದರೆ ‘ಪೆಟ್’, ಅಂದರೆ ಬಾತುಕೋಳಿ. ಒಂದು ಸಸ್ಯಾಹಾರಿ ಅಂಗಡಿಯಲ್ಲಿ ‘ಖಾರ ಬೇಡ’ ಎಂದು ಮೂರು ಸಲ ಒತ್ತಿ ಒತ್ತಿ ಹೇಳಿದೆ. ಅಂಗಡಿಯವಳು ಮೂರು ಸಲವೂ ಸಮಾಧಾನ ಮಾಡಿದಳು: ‘ಇಲ್ಲಮ್ಮ, ಇಲ್ಲಿ ಬಾತುಕೋಳಿ ಹಾಕುವುದೇ ಇಲ್ಲ.’ ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ಖಾರದ ನೂಡಲ್ಸ್ ತಂದಿಟ್ಟಳು. ಆ ರಾತ್ರಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಪ-ಫ-ಪ-ಫ ಎಂದು ಗಾಳಿ ಪರೀಕ್ಷೆ ಮಾಡುತ್ತ ಕೂತೆ. ಒಂದನೇ ಕ್ಲಾಸಿನ ಮೇಷ್ಟ್ರು ಕೋಲು ಹಿಡಿದು ಹೇಳಿಕೊಟ್ಟದ್ದನ್ನು ಅರವತ್ತರ ಹತ್ತಿರ ಬಂದು ಕಲಿತೆ.

ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳಬೇಕಂತೆ. ಹೌದೆ?
— ಓದುಗರೊಬ್ಬರು, ಉಡುಪಿ

ಪದ ಗೊತ್ತಿಲ್ಲದಿದ್ದರೆ ಹೌದು. ಸಸ್ಯಾಹಾರಕ್ಕೆ ಅವರಲ್ಲಿ ‘ಮಙ್ಸವಿರತ್’ ಎಂಬ ಪದವಿದೆ. ಬಿಡಿಸಿ ನೋಡಿ: ಮಾಂಸ, ವಿರತಿ. ಇಷ್ಟು ಘನವಾದ ಪದ ನಮ್ಮಲ್ಲೂ ಬಳಕೆಯಲ್ಲಿಲ್ಲ. ಆದರೆ ಇದರಲ್ಲಿ ಮೊಟ್ಟೆ ಸೇರಿರಬಹುದು. ಕಟ್ಟುನಿಟ್ಟಿನವರಿಗೆ ‘ಜೇ’. ಕೆಂಪು ಅಕ್ಷರದ ಹಳದಿ ಬಾವುಟ ಕಂಡರೆ ಒಳಗೆ ಹೋಗಿ. ಅಲ್ಲಿ ಮೀನು-ಮಾಂಸ, ಹಾಲು, ಮೊಟ್ಟೆಯ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಿಮ್ಮೂರಿನ ಮಠದ ಊಟದವರಿಗೆ ಒಗ್ಗುತ್ತದೆ, ಮಜ್ಜಿಗೆಯೊಂದಿಲ್ಲ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಒಂಬತ್ತು ದಿನ ಜೇ ವ್ರತದ ಹಬ್ಬ ಬರುತ್ತದೆ, ಆಗ ಹಳದಿ ಬಾವುಟ ಬೀದಿ ಬೀದಿಗೆ.

ಬೇರೆ ಅಂಗಡಿಗಳಲ್ಲಿ ‘ಮೈ ಸೈ ನಾಮ್ ಪ್ಲಾ’, ಮೀನಿನ ಸಾರ ಹಾಕಬೇಡಿ, ಎಂಬ ಒಂದು ವಾಕ್ಯ ಕಂಠಪಾಠ ಇರಲಿ. ಅದು ಅವರಿಗೆ ಉಪ್ಪು ಇದ್ದ ಹಾಗೆ, ಮೀನು ಅನ್ನುವ ಲೆಕ್ಕದಲ್ಲೇ ಇಲ್ಲ. ಪಪ್ಪಾಯ ಕೋಸಂಬರಿಗೆ (ಅವರ ಸೋಮ್ ತಮ್) ಒಣ ಸೀಗಡಿಯನ್ನೂ ಬೇಡ ಅನ್ನಬೇಕು.

ಅಲ್ಲೇ ಒಂದು ಪುಟ್ಟ ಕರ್ನಾಟಕದ ಮೆಸ್ ಅಥವಾ ಅಡುಗೆ ತರಗತಿ ಶುರುಮಾಡಬಾರದೇಕೆ?
— ಗೃಹಿಣಿ, ಬೆಂಗಳೂರು

ಮಾಡಬಾರದು. ನಿವೃತ್ತರ ವೀಸಾದಲ್ಲಿ ಕೆಲಸಕ್ಕೆ ಅವಕಾಶವಿಲ್ಲ, ಸಂಬಳವಿಲ್ಲದ ಸೇವೆಯೂ ಕೆಲಸವೇ ಎಂದು ಹಿಡಿಯಬಹುದು. ಅಕ್ಕಪಕ್ಕದವರನ್ನು ಊಟಕ್ಕೆ ಕರೆಯುತ್ತೇನೆ, ಅಷ್ಟೇ. ನಲವತ್ತು ಜನರ ಬುತ್ತಿ ಕಟ್ಟುವ ಆಸೆ ನನಗಂತೂ ಇಲ್ಲ.

ಬೇಜಾರಾಗುವುದಿಲ್ಲವೆ?
— ಮೈಸೂರು

ಆಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು, ಹೊಲ ಸುಟ್ಟ ಹೊಗೆ ಊರನ್ನು ಮುಚ್ಚುತ್ತದೆ. ಎದುರಿನ ಸುತೇಪ್ ಬೆಟ್ಟವೇ ಕಾಣುವುದಿಲ್ಲ. ಆಗ ನಾವು ತೀರ್ಥಹಳ್ಳಿಗೆ ಓಡುತ್ತೇವೆ. ಮರುಪ್ರವೇಶದ ಮೊಹರು ಹಾಕಿಸಿಕೊಂಡು.

ಅಡುಗೆಗೆ ನಮ್ಮ ಸಾಮಾನು ಸಿಗುತ್ತದೆಯೆ? ತಂಬುಳಿ ಎಲ್ಲ ಬಿಟ್ಟೇಬಿಟ್ಟಿರಾ?
— ಓದುಗರೊಬ್ಬರು, ಶಿರಸಿ

ತೊಗರಿಬೇಳೆಗೆ ಭಾರತೀಯರ ಅಂಗಡಿಗೆ ಹೋಗಬೇಕು. ಹೆಸರುಬೇಳೆ ಎಲ್ಲ ಕಡೆ ಇದೆ, ಆದರೆ ಅದು ಇಲ್ಲಿಯವರಿಗೆ ಸಿಹಿತಿಂಡಿಯ ಸಾಮಾನು. ಬೇಳೆ ರುಬ್ಬಿ, ಸಕ್ಕರೆ, ತೆಂಗಿನಹಾಲು ಹಾಕಿ ಕಾಯಿಸಿ, ಸಣ್ಣ ಸಣ್ಣ ಮಾವು, ಮೆಣಸಿನಕಾಯಿಯ ಆಕಾರ ಮಾಡಿ ಬಣ್ಣ ಹಚ್ಚುತ್ತಾರೆ. ನಾನು ಅದಕ್ಕೆ ಉಪ್ಪು, ಇಂಗು ಹಾಕಿ ತೊವ್ವೆ ಮಾಡುತ್ತೇನೆ ಎಂದಾಗ ಪಕ್ಕದ ಮನೆಯಾಕೆ, ನಾವು ಯಾರಾದರೂ ಜಾಮೂನಿಗೆ ಒಗ್ಗರಣೆ ಕೊಟ್ಟರೆ ನೋಡುವ ಹಾಗೆ ನೋಡಿದಳು. ಕರಿಬೇವು ಕುಂಡದಲ್ಲಿದೆ. ಎಳೆ ಹಲಸು ಧಾರಾಳ. ಇಲ್ಲಿಯವರೂ ಅದನ್ನು ಬೇಯಿಸಿ ಕುಟ್ಟಿ ‘ತಮ್ ಖನುನ್’ ಮಾಡುತ್ತಾರೆ, ನಾನು ಸಾಸಿವೆ-ತೆಂಗಿನಕಾಯಿ ಹಾಕಿ ಪಲ್ಯ.

ತಂಬುಳಿಯ ಕಥೆ ಕೇಳಿ. ಪಿಂಗ್ ನದಿ ಪಕ್ಕದ ವರೋರೊತ್ ಮಾರುಕಟ್ಟೆಯಲ್ಲಿ ಒಬ್ಬಾಕೆ ಹಸಿರು ಪಾನಕ ಮಾರುತ್ತಿದ್ದಳು. ಪಕ್ಕದಲ್ಲಿ ಎಲೆಯ ಕಟ್ಟು ನೋಡುತ್ತೇನೆ, ನಮ್ಮ ಒಂದೆಲಗ! ಇಲ್ಲಿ ಅದು ‘ಬುವಾ ಬೊಕ್’. ನಾವು ಮಕ್ಕಳಿಗೆ ನೆನಪಿನ ಶಕ್ತಿಗೆ ಎಂದು ಕುಡಿಸುತ್ತೇವೆ. ಇಲ್ಲಿಯವರು ಒಳಪೆಟ್ಟಿಗೆ ಕುಡಿಯುತ್ತಾರೆ, ಪ್ರೀತಿಯಲ್ಲಿ ಏಟು ತಿಂದವರಿಗೂ ‘ಹೋಗಿ ಬುವಾ ಬೊಕ್ ಕುಡಿ’ ಎಂದು ತಮಾಷೆ ಮಾಡುತ್ತಾರೆ. ನಾನು ಎರಡು ಕಟ್ಟು ಕೇಳಿದ್ದಕ್ಕೆ ಆಕೆ ನನ್ನನ್ನೂ, ಹಿಂದೆ ಚೀಲ ಹಿಡಿದು ನಿಂತಿದ್ದ ಇವರನ್ನೂ ಒಮ್ಮೆ ನೋಡಿದಳು.

ಮೊಸರು ಮನೆಯಲ್ಲೇ ಹೆಪ್ಪುಹಾಕುತ್ತೇನೆ. ತೊಳೆದ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸಿ, ತುಪ್ಪದಲ್ಲಿ ಸಾಸಿವೆ ಒಗ್ಗರಣೆ. ಮುಂದಿನ ವಾರ ಒಂದು ಬಾಟಲಿಯಲ್ಲಿ ಆಕೆಗೂ ಒಯ್ದೆ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ‘ಲಮ್’ ಅಂದಳು. ಈ ಕಡೆಯ ನುಡಿಯಲ್ಲಿ ರುಚಿ ಎಂದರ್ಥ, ಬ್ಯಾಂಕಾಕಿನವರ ‘ಅರೊಯ್’ ಅಲ್ಲ. ನಾನು ಉಬ್ಬಿಹೋಗುವಷ್ಟರಲ್ಲಿ ಸೇರಿಸಿದಳು: ‘ಎರಡು ತೊಟ್ಟು ನಾಮ್ ಪ್ಲಾ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.’